ಕ್ಲೆರಿಕ್ ಆಡುವವರಿಗೆ: ಯಾರ ಸರದಿಯೂ ದಂಡವಾಗದಂತೆ ನೋಡಿಕೊಳ್ಳುವ ಬಗೆ

ಪಾತ್ರ ವಹಿಸಿ ಕಥೆ ಕಟ್ಟುತ್ತಾ ಆಡುವ ಮೇಜಿನಾಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಕೂತಾಗ ಕತ್ತಿ ಹಿಡಿಯಲು, ಬೆಂಕಿ ಉಗುಳಲು ಎಲ್ಲರೂ ಮುಂದೆ ಬರುತ್ತಾರೆ, ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್ ಪಾತ್ರ ಮಾತ್ರ ಉಳಿದವರ ಪಾಲಿಗೆ ಬರುತ್ತದೆ. ಗಾಯಕ್ಕೆ ಔಷಧಿ ಹಚ್ಚುತ್ತಾ ಕೂರಬೇಕು ಎಂಬ ತಪ್ಪು ತಿಳಿವಳಿಕೆಯೇ ಇದಕ್ಕೆ ಕಾರಣ. ತಂಡದವರೆಲ್ಲ ಪ್ರತಿ ಸುತ್ತಿನಲ್ಲೂ ಎದ್ದು ನಿಂತು ಹೊಡೆಯುವಂತೆ ಮಾಡುವುದು ಈ ಪಾತ್ರದ ಕೆಲಸ.

ಇಲ್ಲಿನ ಲೆಕ್ಕವೆಲ್ಲ ಐದನೇ ಆವೃತ್ತಿಯ 2014ರ ನಿಯಮಗಳದ್ದು. 2024ರ ಪರಿಷ್ಕರಣೆಯಲ್ಲಿ ಗಾಯ ಮಾಯಿಸುವ ಮಂತ್ರಗಳ ದಾಳ ಹೆಚ್ಚಿದೆ. ಯಾವುದನ್ನು ಆಡುತ್ತಿದ್ದೀರಿ ಎಂದು ಡಿಎಂ (ಆಟ ನಡೆಸುವವರು) ಹತ್ತಿರ ಮೊದಲೇ ಕೇಳಿಕೊಳ್ಳಿ.

ಹೊಸಬರಿಗೆ ಲೈಫ್ ಡೊಮೇನ್ (ಗಾಯ ಮಾಯಿಸುವುದರಲ್ಲಿ ಪಳಗಿದ ಕ್ಲೆರಿಕ್ ಬಗೆ) ಒಳ್ಳೆಯದು. ಭಾರದ ಕವಚ ತೊಡಬಹುದು, ಬ್ಲೆಸ್ ಮತ್ತು ಕ್ಯೂರ್ ವೂಂಡ್ಸ್ ಮಂತ್ರಗಳು ಯಾವಾಗಲೂ ಸಿದ್ಧವಾಗಿರುತ್ತವೆ. ವಿಸ್ಡಮ್ (ಕ್ಲೆರಿಕ್ ಮಂತ್ರಬಲದ ಅಂಕ) 16 ಇಟ್ಟುಕೊಂಡರೆ ಮೊದಲ ಲೆವೆಲ್‌ನಲ್ಲಿ ಇನ್ನೂ ನಾಲ್ಕು ಮಂತ್ರ ಆರಿಸಬಹುದು: ಹೀಲಿಂಗ್ ವರ್ಡ್, ಗೈಡಿಂಗ್ ಬೋಲ್ಟ್, ಸ್ಯಾಂಕ್ಚುಯರಿ, ಡಿಟೆಕ್ಟ್ ಮ್ಯಾಜಿಕ್. ಕೊನೆಯದನ್ನು ಹತ್ತು ನಿಮಿಷ ಹೆಚ್ಚು ತೆಗೆದುಕೊಂಡು ರಿಚುವಲ್ ಆಗಿ ಮಾಡಿದರೆ ಸ್ಲಾಟ್ (ಮಂತ್ರ ಹಾಕಲು ಎಣಿಸಿ ಸಿಗುವ ಅವಕಾಶ) ಖರ್ಚಾಗುವುದಿಲ್ಲ. ಇರುವುದೇ ಎರಡು ಸ್ಲಾಟ್, ಹಾಗಾಗಿ ಈ ಉಳಿತಾಯ ದೊಡ್ಡದು. ಹೀಲರ್ಸ್ ಕಿಟ್ ಒಂದನ್ನು ಕೊಳ್ಳಿ. ಬೆಲೆ 5 ಚಿನ್ನದ ನಾಣ್ಯ, ಹತ್ತು ಸಲ ಬರುತ್ತದೆ, ಬಿದ್ದವರ ಪ್ರಾಣ ಹಿಡಿದಿಡಲು ದಾಳವನ್ನೂ ಉರುಳಿಸಬೇಕಾಗಿಲ್ಲ.

ಕಾಳಗ ಶುರುವಾದ ಕೂಡಲೇ ಬ್ಲೆಸ್ ಹಾಕಿ. ಮೂವರಿಗೆ ಒಂದು ನಿಮಿಷ, ಅಂದರೆ ಹತ್ತು ಸುತ್ತು, ಹೊಡೆಯುವ ಪ್ರತಿ ದಾಳಕ್ಕೂ ತಪ್ಪಿಸಿಕೊಳ್ಳುವ ಪ್ರತಿ ದಾಳಕ್ಕೂ ಒಂದು ಡಿ4 (ನಾಲ್ಕು ಮುಖದ ದಾಳ) ಸೇರುತ್ತದೆ. ಸರಾಸರಿ ಎರಡೂವರೆ. ತೊಂದರೆ ಏನೆಂದರೆ ಪಡೆದವರೇ ಇದನ್ನು ಮರೆಯುತ್ತಾರೆ. ಅದಕ್ಕೇ ಬ್ಲೆಸ್ ಹಾಕಿದ ಕೂಡಲೇ ಆ ಮೂವರ ಮುಂದೆ ಒಂದೊಂದು ಡಿ4 ಇಟ್ಟುಬಿಡಿ. ದಾಳ ಸಾಲದಿದ್ದರೆ ಚೌಕಾಬಾರದ ಕಾಯಿ ಸಾಕು. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಆಟಗಳನ್ನು ರೂಪಿಸಿದ ಮೈಸೂರಿನಲ್ಲಿ ಹುಡುಕಿದರೆ ಅಟ್ಟದ ಮೇಲೆ ಒಂದು ಸೆಟ್ ಸಿಕ್ಕೇ ಸಿಗುತ್ತದೆ. ಸ್ಲಾಟ್ ಲೆಕ್ಕಕ್ಕೆ ಹುಣಿಸೆ ಬೀಜ ಇಟ್ಟುಕೊಳ್ಳಿ. ಮಂತ್ರ ಹಾಕಿದಾಗ ಒಂದು ಬೀಜ ಡಬ್ಬಿಗೆ.

ಬ್ಲೆಸ್‌ಗೆ ಕಾನ್ಸಂಟ್ರೇಷನ್, ಅಂದರೆ ಮಂತ್ರದ ಮೇಲೇ ಮನಸ್ಸಿಟ್ಟಿರುವುದು, ಬೇಕು. ನಿಮಗೆ ಏಟು ಬಿದ್ದಾಗಲೆಲ್ಲ ಅದನ್ನು ಉಳಿಸಿಕೊಳ್ಳಲು ಕಾನ್ಸ್ಟಿಟ್ಯೂಷನ್ (ದೇಹದಾರ್ಢ್ಯ) ದಾಳ ಉರುಳಿಸಬೇಕು, ಗುರಿ 10 ಅಥವಾ ಏಟಿನ ಅರ್ಧ, ಯಾವುದು ಹೆಚ್ಚೋ ಅದು. ಆದ್ದರಿಂದ ಕವಚ ಗಟ್ಟಿಯಿದೆ ಎಂದು ಮುಂದೆ ನುಗ್ಗಬೇಡಿ. ಇನ್ನೊಂದು ಕಾನ್ಸಂಟ್ರೇಷನ್ ಮಂತ್ರ ಹಾಕಿದರೆ ಮೊದಲಿನದು ಹೋಗುತ್ತದೆ. ಗೈಡೆನ್ಸ್ ಕೂಡ ಇದೇ ಜಾತಿಯದು. ಸ್ಲಾಟ್ ಬೇಡದ ಪುಟ್ಟ ಮಂತ್ರ, ಕ್ಯಾಂಟ್ರಿಪ್ ತಾನೇ ಎಂದು ಕಾಳಗದ ನಡುವೆ ಹಾಕಿ ಬ್ಲೆಸ್ ಕಳೆದುಕೊಳ್ಳುವವರು ಬಹಳ.

ಇನ್ನು ಗಾಯದ ವಿಚಾರ. ಇಲ್ಲಿ ನಿಧಾನವಾಗಿ ಯೋಚಿಸಿ. ಲೈಫ್ ಡೊಮೇನ್‌ನ ಮೊದಲ ಲೆವೆಲ್ ಕ್ಲೆರಿಕ್ ಕ್ಯೂರ್ ವೂಂಡ್ಸ್ ಹಾಕಿದರೆ ಸರಾಸರಿ ಹತ್ತೂವರೆ ಹಿಟ್ ಪಾಯಿಂಟ್ (ಜೀವಬಲದ ಅಂಕ, ಸೊನ್ನೆಯಾದರೆ ಬೀಳುತ್ತಾರೆ) ಮರಳುತ್ತದೆ. ಓಗರ್ ಎಂಬ ದೈತ್ಯ ಒಂದು ದೊಣ್ಣೆಯೇಟಿಗೆ ಸರಾಸರಿ 13 ಕೀಳುತ್ತದೆ. ಇಡೀ ಸರದಿಯನ್ನೂ ಒಂದು ಸ್ಲಾಟನ್ನೂ ಸುರಿದು ಒಂದೇಟಿನಷ್ಟೂ ತುಂಬಲಾಗುವುದಿಲ್ಲ. ಹೀಲಿಂಗ್ ವರ್ಡ್ ಕೊಡುವುದು ಇನ್ನೂ ಕಡಿಮೆ, ಆದರೆ ಅದು ಬೋನಸ್ ಆ್ಯಕ್ಷನ್ (ಸರದಿಯ ಮುಖ್ಯ ಕೆಲಸದ ಜೊತೆಗೇ ಮಾಡಬಹುದಾದ ಚಿಕ್ಕ ಕೆಲಸ), 60 ಅಡಿ ದೂರದಿಂದ ತಲುಪುತ್ತದೆ, ಬರೀ ಬಾಯಿಮಾತಿನ ಮಂತ್ರವಾದ್ದರಿಂದ ಎರಡೂ ಕೈಯಲ್ಲಿ ಸಾಮಾನಿದ್ದರೂ ಅಡ್ಡಿಯಿಲ್ಲ. ಬಿದ್ದವರಿಗೆ ಒಂದೇ ಒಂದು ಪಾಯಿಂಟ್ ಬಂದರೂ ಎದ್ದು ಹೊಡೆಯುತ್ತಾರೆ. ನೆನಪಿರಲಿ, ಹೀಲಿಂಗ್ ವರ್ಡ್ ಹಾಕಿದ ಸರದಿಯಲ್ಲೇ ಬ್ಲೆಸ್ ಹಾಕುವಂತಿಲ್ಲ. ಸೇಕ್ರೆಡ್ ಫ್ಲೇಮ್‌ನಂಥ ಕ್ಯಾಂಟ್ರಿಪ್ ಅಥವಾ ಗದೆಯ ಏಟು ಆಗುತ್ತದೆ.

ಯಾವಾಗ ಹಾಕಬೇಕು ಎನ್ನುವುದನ್ನು ಇನಿಷಿಯೇಟಿವ್ ಸಾಲು (ಯಾರ ನಂತರ ಯಾರ ಸರದಿ ಎಂಬ ಕ್ರಮ) ನೋಡಿ ತೀರ್ಮಾನಿಸಿ. ಓಗರ್, ನೀವು, ಫೈಟರ್ ಎಂಬ ಕ್ರಮವಿದ್ದರೆ ಕಾಯಬಹುದು: ಫೈಟರ್ ಬಿದ್ದರೂ ಅವನ ಸರದಿಗೆ ಮೊದಲೇ ಎಬ್ಬಿಸುತ್ತೀರಿ. ಏಳಲು ಅರ್ಧ ನಡಿಗೆ ಹೋಗುತ್ತದೆ, ಅಷ್ಟೇ. ನೀವು, ಓಗರ್, ಫೈಟರ್ ಎಂದಿದ್ದರೆ ಬಿದ್ದವನ ಸರದಿ ಬದುಕುಳಿಯಲು ಉರುಳಿಸುವ ದಾಳದಲ್ಲಿ, ಅಂದರೆ ಡೆತ್ ಸೇವ್‌ನಲ್ಲಿ ಕಳೆದುಹೋಗುತ್ತದೆ. ಆಗ ಮುಂಚೆಯೇ ಗಾಯ ಮಾಯಿಸುವುದು ಲಾಭ.

ಕಾಯಬಾರದ ಸಂದರ್ಭಗಳೂ ಇವೆ. ಪಕ್ಕದಲ್ಲೇ ನಿಂತ ಶತ್ರು ಬಿದ್ದವನಿಗೆ ಹೊಡೆದರೆ ಒಂದೇಟಿಗೆ ಎರಡು ಡೆತ್ ಸೇವ್ ಸೋತಂತೆ. ಮೂರು ಸೋತರೆ ಸಾವು. ಹಾಗಾಗಿ ಎರಡೆರಡು ಸಲ ಹೊಡೆಯುವ ಶತ್ರುವಿನೆದುರು ಕಾಯುವ ಮಾತೇ ಬೇಡ. ಮೊದಲ ಲೆವೆಲ್ ವಿಝರ್ಡ್‌ಗಂತೂ ಇನ್ನೂ ಅಪಾಯ. ಒಟ್ಟು 8 ಪಾಯಿಂಟಿನವನು 3ರಲ್ಲಿದ್ದಾಗ 11ರ ಏಟು ಬಿದ್ದರೆ, ಸೊನ್ನೆಯಾದ ಮೇಲೂ ಏಟಿನಲ್ಲಿ 8 ಉಳಿಯಿತು. ಉಳಿದದ್ದು ಒಟ್ಟು ಪಾಯಿಂಟಿಗೆ ಸಮವಾದ್ದರಿಂದ ಡೆತ್ ಸೇವೂ ಇಲ್ಲದೆ ಅಲ್ಲೇ ಸಾವು.

ಬೇರೆಯವರ ಸರದಿಯನ್ನು ನೀವು ಆಡಬೇಡಿ. "ಡಿ4 ಸೇರಿಸಿದ್ಯಾ?" ಎಂದು ಕೇಳಿ ಸುಮ್ಮನಾಗಿ. ಎಲ್ಲಿಗೆ ಹೋಗಬೇಕು, ಯಾರನ್ನು ಹೊಡೆಯಬೇಕು ಎಂದು ಹೇಳತೊಡಗಿದರೆ ಮೇಜಿನ ಖುಷಿ ಹೋಗುತ್ತದೆ.

ಮೂರನೇ ಲೆವೆಲ್‌ಗೆ ಏಡ್ ಮಂತ್ರ ಸಿಗುತ್ತದೆ. ಬೆಳಗ್ಗೆಯೇ ಹಾಕಿದರೆ ಮೂವರಿಗೆ ಎಂಟು ಗಂಟೆ ಐದೈದು ಪಾಯಿಂಟ್ ಹೆಚ್ಚು, ಕಾನ್ಸಂಟ್ರೇಷನ್ ಬೇಡ. ಐದನೇ ಲೆವೆಲ್‌ಗೆ ಸತ್ತವರನ್ನು ಬದುಕಿಸುವ ರಿವಿವಿಫೈ: ಸತ್ತು ಒಂದು ನಿಮಿಷದೊಳಗೆ ಮುಟ್ಟಬೇಕು, 300 ಚಿನ್ನದ ನಾಣ್ಯ ಬೆಲೆಯ ವಜ್ರ ಕರಗಿಹೋಗುತ್ತದೆ. ವಜ್ರ ಎಲ್ಲ ಊರಲ್ಲೂ ಸಿಗುವುದಿಲ್ಲವಾದ್ದರಿಂದ ನಾಲ್ಕನೇ ಲೆವೆಲ್‌ನಲ್ಲೇ ತಂಡದ ಪಾಲಿನಿಂದ ಹಣ ತೆಗೆದಿಡಿ, ದೊಡ್ಡ ಪೇಟೆ ಬಂದಾಗ ವಜ್ರ ಸಿಗುತ್ತದೆಯೇ ಎಂದು ಡಿಎಂ ಅನ್ನು ಕೇಳಿ.