ಮೂಳೆ ಆಪರೇಷನ್ನಿಗೆ ಮುಂಚೆ ಮಾತ್ರೆ ಶೀಟ್ ತೋರಿಸಿ

ನಾನು ಕೋಲಾರದಲ್ಲಿ ಓ.ಟಿ. (ಆಪರೇಷನ್ ಥಿಯೇಟರ್) ಟೆಕ್ನೀಷಿಯನ್. ಕಾಲು ಮುರಿದುಕೊಂಡು ಬಂದವರ ಮನೆಯವರು ಮೊದಲು ಕೇಳೋದೇ "ಮತ್ತಿನ ಔಷಧಿ ಕೊಟ್ಟರೆ ಹಾರ್ಟಿಗೆ ಏನಾದ್ರೂ ಆಗುತ್ತಾ ಸಾರ್?" ಅಂತ. ಆಗದ ಹಾಗೆ ನೋಡಿಕೊಳ್ಳೋದು ಡಾಕ್ಟರ ಕೆಲಸ, ಸರಿ. ಆದರೆ ನಿಮ್ಮ ಪಾಲಿನದೂ ಸ್ವಲ್ಪ ಇದೆ.

ದಿನಾ ನುಂಗುವ ಎಲ್ಲ ಮಾತ್ರೆಗಳ ಶೀಟನ್ನು ಒಂದು ಕವರಿಗೆ ಹಾಕಿ, ಅರಿವಳಿಕೆ ಡಾಕ್ಟರ ಕೈಗೇ ಕೊಡಿ. ಸುಮ್ನೆ "ಬಿಪಿ ಮಾತ್ರೆ" ಅಂದರೆ ಸಾಲದು. ಅಟೆನೊಲಾಲ್, ಮೆಟೊಪ್ರೊಲಾಲ್ ಥರದವು ಎದೆಬಡಿತವನ್ನೂ ನಿಧಾನ ಮಾಡುತ್ತವೆ. ಕಾಲಿನ ಆಪರೇಷನ್ನಿಗೆ ಹೆಚ್ಚಾಗಿ ಸೊಂಟದ ಕೆಳಗೆ ಮರಗಟ್ಟಲು ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ, ಅದರಿಂದ ಬಿಪಿ ಇಳಿಯಬಹುದು, ಬಡಿತವೂ ಇಳಿಯಬಹುದು. ಅದರ ಮೇಲೆ, ಡ್ರಿಲ್ಲು ಸುತ್ತಿಗೆ ಸದ್ದಿಗೆ ಹೆದರದಿರಲಿ ಅಂತ ಮಂಪರಿನ ಔಷಧಿ. ಡೆಕ್ಸ್‌ಮೆಡೆಟೊಮಿಡಿನ್ ಕೊಟ್ಟರೆ ಹಾಯಾಗಿ ಮಲಗುತ್ತಾರೆ, ಕರೆದರೆ ಕಣ್ಣು ಬಿಡುತ್ತಾರೆ, ಉಸಿರಿಗೂ ಅಷ್ಟು ತೊಂದರೆ ಇಲ್ಲ, ಆದರೆ ಅದೂ ಬಡಿತ ತಗ್ಗಿಸುವುದೇ. ಅದಕ್ಕೇ ಮೊದಲ ಡೋಸನ್ನು ಸುಮಾರು 10 ನಿಮಿಷ ತಗೊಂಡು ಬಿಡೋದು. ಮಿಡಜೋಲಮ್ ಅನ್ನೋ ಇನ್ನೊಂದು ಮಂಪರಿನ ಔಷಧಿ ಬಡಿತದ ತಂಟೆಗೆ ಅಷ್ಟಾಗಿ ಹೋಗಲ್ಲ, ಅದರ ಕಾಟ ಉಸಿರಾಟಕ್ಕೆ, ವಯಸ್ಸಾದವರಲ್ಲಿ ಜಾಸ್ತಿ.

ಶ್ರೀನಿವಾಸಪುರದ ಕಡೆಯ ಒಬ್ಬ ಅಜ್ಜ ಮಾವಿನ ತೋಪಲ್ಲಿ ಬಿದ್ದು ತೊಡೆ ಮುರಿದುಕೊಂಡಿದ್ದರು. ಮಾತ್ರೆ ಏನೂ ಇಲ್ಲ ಅಂದಿದ್ದರು. ಮಂಪರು ಹತ್ತಿದ ಸ್ವಲ್ಪ ಹೊತ್ತಿಗೆ ಮಾನಿಟರಿನ ಬೀಪ್ ಬೀಪ್ ನಡುವಿನ ಬಿಡುವು ಹಿಗ್ಗತೊಡಗಿತು. ಬಡಿತ ನಿಮಿಷಕ್ಕೆ 58, 50, 43. ಔಷಧಿ ನಿಲ್ಲಿಸಿ, ಬಡಿತ ಏರಿಸುವ ಅಟ್ರೊಪಿನ್ ಕೊಟ್ಟ ಮೇಲೆ 70 ದಾಟಿತು. ಹೊರಗೆ ಹೋಗಿ ವಿಚಾರಿಸಿದರೆ ಮಗ ಜೇಬಿಂದ ಮೆಟೊಪ್ರೊಲಾಲ್ ಶೀಟ್ ತೆಗೆದರು. "ಇದು ಬಿಪಿದಲ್ವಾ ಸಾರ್, ಕಾಲಿಗೂ ಇದಕ್ಕೂ ಏನು?" ಅಂತ.

ಹಾಗಂತ ಆ ಮಾತ್ರೆಯನ್ನು ನೀವೇ ನಿಲ್ಲಿಸಿಬಿಡಬೇಡಿ. ತಟ್ಟನೆ ಬಿಟ್ಟರೆ ಬಡಿತ ಉಲ್ಟಾ ಜೋರಾಗಿ ಓಡಲು ಶುರುವಾಗಬಹುದು. ಬೆಳಿಗ್ಗೆ ನುಂಗಬೇಕಾ ಬೇಡವಾ ಅಂತ ಡಾಕ್ಟರನ್ನೇ ಕೇಳಿ.

ಕುಡಿತ ಇದ್ದರೆ ಮುಚ್ಚಿಡಬೇಡಿ, ಹೆಂಡತಿ ಎದುರು ಹೇಳಲಾಗದಿದ್ದರೆ ಒಳಗೆ ಬಂದಾದರೂ ಹೇಳಿ. ದಿನಾ ಕುಡಿಯುವವರಿಗೆ ಮಂಪರಿನ ಔಷಧಿ ಬೇಗ ಹತ್ತಲ್ಲ.

ಹೊಟ್ಟೆ ಖಾಲಿ ಇರಲಿ. ಮುದ್ದೆ, ಬಾಡೂಟ ಆಗಿದ್ದರೆ 8 ಗಂಟೆ, ಇಡ್ಲಿಗೆ 6, ನೀರಿಗೆ 2. ನಮ್ಮ ಕಡೆ ಹಾಲನ್ನು ನೀರಿನ ಲೆಕ್ಕಕ್ಕೆ ಸೇರಿಸುತ್ತಾರೆ, ಅದು ಊಟದ ಲೆಕ್ಕ, 6 ಗಂಟೆ. ಉಗುರಿನ ಬಣ್ಣ ಮನೆಯಲ್ಲೇ ಅಳಿಸಿಕೊಂಡು ಬನ್ನಿ, ರಕ್ತದ ಆಕ್ಸಿಜನ್ ನೋಡಲು ಬೆರಳಿಗೆ ಹಾಕುವ ಕ್ಲಿಪ್ಪು ಬಣ್ಣದ ಉಗುರಲ್ಲಿ ಸರಿಯಾಗಿ ಓದದೇ ಇರಬಹುದು.