ಡಿಗ್ರಿ ಮುಗಿಸಿದವರು ಅಪ್ರೆಂಟಿಸ್‌ಶಿಪ್ ಕಡೆಗೂ ಒಮ್ಮೆ ನೋಡಿ

ರಿಸಲ್ಟ್ ಬಂದ ಕೂಡಲೇ ಇನ್ನೊಂದು ಕೋರ್ಸಿಗೆ ದುಡ್ಡು ಕಟ್ಟಬೇಡಿ. ಮೊದಲು ಕೇಂದ್ರ ಸರ್ಕಾರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಅಪ್ರೆಂಟಿಸ್‌ಶಿಪ್ ಅಂದ್ರೆ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ. ಇದು ಇಂಜಿನಿಯರಿಂಗ್‌ನವರಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆದಮೇಲೆ ಬಿಎ, ಬಿಕಾಂ, ಬಿಎಸ್ಸಿಯವರಿಗೂ ಬಾಗಿಲು ತೆರೆದಿದೆ. ಎಚ್‌ಎಎಲ್, ಬಿಇಎಲ್‌ನಂಥ ಕಂಪನಿಗಳೂ ಪದವೀಧರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ಸಾಮಾನ್ಯವಾಗಿ ಒಂದು ವರ್ಷ. ತಿಂಗಳಿಗೆ ಸ್ಟೈಪೆಂಡ್ ಸಿಗುತ್ತದೆ, ಕೊನೆಗೆ ಸರ್ಟಿಫಿಕೇಟ್.

ಒಂದು ವಿಷಯ ಮೊದಲೇ ಗೊತ್ತಿರಲಿ. ಒಂದು ವರ್ಷ ಅಥವಾ ಜಾಸ್ತಿ ಕೆಲಸದ ಅನುಭವ ಇದ್ದರೆ ಸಾಮಾನ್ಯವಾಗಿ ಅರ್ಜಿ ತೆಗೆದುಕೊಳ್ಳುವುದಿಲ್ಲ. ತರಬೇತಿ ಮುಗಿದಮೇಲೆ ಅದೇ ಕಂಪನಿಯಲ್ಲಿ ಕೆಲಸ ಕೊಡಲೇಬೇಕು ಅಂತಲೂ ಇಲ್ಲ.

ಆದರೂ ನಾನು ಇದನ್ನೇ ಒತ್ತಿ ಹೇಳುತ್ತೇನೆ. ಕ್ಲಾಸಿನಲ್ಲಿ ಸಿಗದ ಅಭ್ಯಾಸ ಅಲ್ಲಿ ಸಿಗುತ್ತದೆ. ಉದಾಹರಣೆಗೆ ಅಕೌಂಟ್ಸ್ ವಿಭಾಗಕ್ಕೆ ಹಾಕಿದರು ಅಂತಿಟ್ಟುಕೊಳ್ಳಿ. ಬಿಲ್ಲಿನ ಮೊತ್ತಕ್ಕೂ ಪರ್ಚೇಸ್ ಆರ್ಡರ್‌ಗೂ ತಾಳೆ ಆಗುತ್ತಿಲ್ಲ. ನಮ್ಮ ಮಕ್ಕಳು ಬೈಸಿಕೊಳ್ಳುವ ಭಯಕ್ಕೆ ಸುಮ್ನೆ ಕೂತುಬಿಡುತ್ತಾರೆ, ಅಲ್ವಾ? ಹಾಗೆ ಮಾಡಬೇಡಿ. "ಮೇಡಂ, ಈ ಬಿಲ್‌ನಲ್ಲಿ ಜಿಎಸ್‌ಟಿ ಬೇರೆ ದರದಲ್ಲಿ ಹಾಕಿದ್ದಾರೆ, ಸಪ್ಲೈಯರ್‌ಗೆ ಮೇಲ್ ಮಾಡಲಾ?" ಅಂತ ಆಗಲೇ ಕೇಳಿ. ಏನು ಸಿಕ್ಕಿಹಾಕಿಕೊಂಡಿದೆ, ಏನು ಮಾಡಬಹುದು, ಎರಡೂ ಆ ಒಂದು ಪ್ರಶ್ನೆಯಲ್ಲಿದೆ. ಸಂಜೆ ಹೊರಡುವ ಮುಂಚೆ ಏನು ಮುಗಿಯಿತು, ಏನು ಬಾಕಿ ಅಂತ ಡೈರಿಯಲ್ಲಿ ಬರೆದಿಡಿ. ಮುಂದೆ ಇಂಟರ್‌ವ್ಯೂನಲ್ಲಿ "ಏನು ಕೆಲಸ ಮಾಡಿದ್ದೀರಿ?" ಅಂದಾಗ ಹೇಳಲು ಅದೇ ಡೈರಿ ಸಾಕು.