ಒಲೆ ಹೊತ್ತಿಸೋಕೆ ಸೀಮೆಎಣ್ಣೆ ಯಾಕೆ?

ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಮುಗಿಯಿತು ಅಂದ್ರೆ ನಮ್ಮ ಕಲಬುರಗಿ ಕಡೆ ಕಟ್ಟಿಗೆಗೆ ಬರ ಇಲ್ಲ. ಗ್ಯಾಸ್ ಇದ್ದರೂ ಹಂಡೆ ನೀರು ಕಾಯಿಸೋಕೆ, ನೆಂಟರು ಬಂದಾಗ ರೊಟ್ಟಿ ಬಡಿಯೋಕೆ ಕಟ್ಟಿಗೆ ಒಲೆಯೇ ಬೇಕು. ಆದರೆ ಈಗಿನ ಹೆಣ್ಣುಮಕ್ಕಳು ಒಲೆ ಹೊತ್ತಲಿಲ್ಲ ಅಂತ ಸೀಮೆಎಣ್ಣೆ ಸುರಿಯುತ್ತಾರೆ, ಇಲ್ಲ ಹಾಲಿನ ಪಾಕೀಟು ತುರುಕುತ್ತಾರೆ. ಎರಡೂ ಬೇಡ. ಕೆಂಡ ಇರುವ ಒಲೆಗೆ ಎಣ್ಣೆ ಸುರಿದರೆ ಬೆಂಕಿ ಕೈಗೇ ಹತ್ತುತ್ತದೆ. ಪ್ಲಾಸ್ಟಿಕ್ ಹೊಗೆಯಂತೂ ವಿಷ.

ಗುಡಿಯಿಂದ ತಂದ ಕಾಯಿಯ ನಾರು, ಬಿಸಿಲಿಗೆ ಗರಿಗರಿ ಒಣಗಿಸಿದ ಕಿತ್ತಳೆ ಸಿಪ್ಪೆ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ಇವಿಷ್ಟು ಒಂದು ಡಬ್ಬದಲ್ಲಿ ಇಟ್ಟಿರಿ. ಸಿಪ್ಪೆಯಲ್ಲಿ ಎಣ್ಣೆ ಇರುತ್ತೆ, ಕಡ್ಡಿ ತಾಗಿಸಿದರೆ ಚಟಪಟ ಹತ್ತುತ್ತದೆ.

ಮಳೆಗಾಲಕ್ಕೆ ಮಾತ್ರ ಮೇಣದ ಬಟ್ಟಲು ಮಾಡಿಡಿ. ಕರೆಂಟ್ ಹೋದಾಗ ಹಚ್ಚಿ ಉಳಿದ ಮೇಣದಬತ್ತಿ ತುಂಡು ಕೂಡಿಸಿ. ರಟ್ಟಿನ ಮೊಟ್ಟೆ ಟ್ರೇಯ ಗುಳಿಗಳಿಗೆ ಬಡಿಗರ ಹತ್ತಿರದ ಮರದ ಪುಡಿ ಇಲ್ಲವೇ ಜಜ್ಜಿದ ಶೇಂಗಾ ಸಿಪ್ಪೆ ತುಂಬಿ. ಮೇಣವನ್ನು ನೇರ ಉರಿಯ ಮೇಲೆ ಇಡಬೇಡಿ, ಕುದಿಯುವ ನೀರಿನ ಪಾತ್ರೆಯೊಳಗೆ ಹಳೆ ಡಬ್ಬ ಇಟ್ಟು ಕರಗಿಸಿ. ಅಕಸ್ಮಾತ್ ಹೊತ್ತಿಕೊಂಡರೆ ನೀರು ಹಾಕಬೇಡಿ, ಮುಚ್ಚಳ ಮುಚ್ಚಿ. ಕರಗಿದ್ದನ್ನು ನಿಧಾನ ಸುರಿದು, ಆರಿದ ಮೇಲೆ ಒಂದೊಂದೇ ಕತ್ತರಿಸಿಕೊಳ್ಳಿ. ಒಂದು ಬಟ್ಟಲು ಕೆಳಗಿಟ್ಟು, ಮೇಲೆ ಸಣ್ಣ ಕಡ್ಡಿ, ಅದರ ಮೇಲೆ ದಪ್ಪ ಕಟ್ಟಿಗೆ. ಗಾಳಿಗೆ ಸಂದು ಬಿಡಿ. ಮೇಣ ಪೂರ್ತಿ ಉರಿದ ಮೇಲೇ ಹೆಂಚು ಇಡಿ, ಇಲ್ಲಾಂದ್ರೆ ರೊಟ್ಟಿಗೆ ವಾಸನೆ.

ಪೇಪರ್ ನೆನೆಸಿ ಉಂಡೆ ಮಾಡೋದು ಈಗ ಜಾಸ್ತಿ ನಡೆದಿದೆ. ನನಗೇನೂ ಅಷ್ಟು ಸೇರಲ್ಲ. ಕೆಲಸ ಹೆಚ್ಚು, ಹೊಗೆ ಹೆಚ್ಚು, ಹಂಡೆಗಾದರೆ ಸರಿ. ಅದಕ್ಕೆ ತೊಗರಿ ಹೊಟ್ಟು ಕಲಸಬೇಡಿ, ಹೊಟ್ಟು ದನಕ್ಕಿರಲಿ.

ರೊಟ್ಟಿಗೆ ತೊಗರಿ ಕಟ್ಟಿಗೆಯಂಥದ್ದು ಇನ್ನೊಂದಿಲ್ಲ. ಉರಿ ಬೇಕೆಂದರೆ ಒಳಗೆ ತಳ್ಳಿ, ಬೇಡವೆಂದರೆ ಹೊರಗೆ ಎಳೆಯಿರಿ. ಬೇಳೆ ಬೇಯೋಕೆ, ಹಾಲು ಕೆನೆಗಟ್ಟೋಕೆ ಕುಳ್ಳು, ಅಂದ್ರೆ ಸಗಣಿ ಬೆರಣಿ. ಅದರ ಉರಿ ಸಣ್ಣದು, ಕೆಂಡ ಬಹಳ ಹೊತ್ತು ನಿಲ್ಲುತ್ತದೆ.

ಮಿರಗ (ಮೃಗಶಿರಾ) ಮಳೆ ಬೀಳುವ ಮೊದಲೇ ಕುಳ್ಳನ್ನು ಶಹಾಬಾದ್ ಹಾಸುಗಲ್ಲಿನ ಮೇಲೆ ಒಟ್ಟಿ ಮುಚ್ಚಿ, ಕರಿಮಣ್ಣಿನ ತೇವ ಹತ್ತಲ್ಲ. ತೆಗೆಯುವಾಗ ಸುಮ್ನೆ ಕೈ ಹಾಕಬೇಡಿ. ಕೋಲಿನಿಂದ ಎರಡು ಬಡಿಯಿರಿ, ಸಂದಿಯಲ್ಲಿ ಚೇಳು ಕೂತಿರುತ್ತವೆ.